ತಂಡದ ಮೂಲ ಕೇಳುವವರಿಗೆ

ಊರಿನ ಜನ ಕಟ್ಟಿದ್ದು ನಿಜವಾದ ಕ್ಲಬ್, ಕಂಪನಿ ಕಟ್ಟಿದ್ದು ಬರೀ ಜಾಹೀರಾತು; ಮೊದಲನೆಯದಕ್ಕೆ ಆತ್ಮವಿದೆ, ಎರಡನೆಯದಕ್ಕೆ ಇಲ್ಲ. ಕ್ರೀಡೆಯ ಬಗ್ಗೆ ಮಾತಾಡುವವರಲ್ಲಿ ಈ ಅಭಿಪ್ರಾಯ ಈಗ ಎಷ್ಟು ಗಟ್ಟಿಯಾಗಿದೆಯೆಂದರೆ ಅದಕ್ಕೆ ಯಾರೂ ಪುರಾವೆ ಕೇಳುವುದಿಲ್ಲ. ಋಷಿಮೂಲ, ನದೀಮೂಲ ಹುಡುಕಬಾರದು ಎಂಬ ಗಾದೆ ನಮ್ಮಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ. ಮೂಲವನ್ನು ಹುಡುಕಲೇಬೇಕು. ಆದರೆ ಅಲ್ಲಿಗೇ ನಿಲ್ಲಬಾರದು; ನದಿ ಎಲ್ಲೆಲ್ಲಿ ಹರಿಯಿತು, ಯಾರ ಗದ್ದೆಗೆ ನೀರುಣಿಸಿತು, ಬೇಸಿಗೆಯಲ್ಲಿ ಬತ್ತಿತೋ ಉಳಿಯಿತೋ ಎಂದೂ ಕೇಳಬೇಕು. ಇಸ್ತಾಂಬುಲ್‌ನ ಅನಾದೊಲು ಎಫೆಸ್ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಚರಿತ್ರೆಗೆ ಈ ಪ್ರಶ್ನೆಗಳನ್ನು ಹಾಕಿದರೆ ಆತ್ಮದ ಸಿದ್ಧಾಂತ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಹುಟ್ಟಿನ ಬಗ್ಗೆ ಮುಚ್ಚಿಡುವಂಥದ್ದೇನೂ ಇಲ್ಲ. 1976ರಲ್ಲಿ ಎಫೆಸ್ ಪಿಲ್ಸೆನ್ ಎಂಬ ಬೀರ್ ತಯಾರಿಕಾ ಕಂಪನಿ ಕಾದಿಕೊಯ್‌ಸ್ಪೋರ್ ಎಂಬ ಎರಡನೇ ದರ್ಜೆಯ ತಂಡವನ್ನು ವಹಿಸಿಕೊಂಡು ಅದಕ್ಕೆ ತನ್ನ ಬೀರಿನ ಹೆಸರನ್ನೇ ಇಟ್ಟಿತು. ಎರಡು ವರ್ಷಕ್ಕೆ ತಂಡ ಮೊದಲ ದರ್ಜೆಗೆ ಏರಿತು, 1979ರಲ್ಲಿ ಟರ್ಕಿಯ ಚಾಂಪಿಯನ್ ಆಯಿತು. ಎದುರಿಗಿದ್ದವು ಬೆಶಿಕ್ತಾಶ್, ಗಲತಸರಾಯ್, ಫೆನೆರ್‌ಬಾಹ್ಚೆಯಂಥ ಕ್ಲಬ್ಬುಗಳು: ಆಟೊಮನ್ ಸಾಮ್ರಾಜ್ಯದ ಕೊನೆಗಾಲದಲ್ಲಿ ಹುಟ್ಟಿ, ಅಪ್ಪನಿಂದ ಮಗನಿಗೆ ಮನೆಯ ಆಸ್ತಿಯಂತೆ ದಾಟುವ ನಿಷ್ಠೆ ಉಳ್ಳಂಥವು. ಕಾದಿಕೊಯ್ ಎಂಬ ಬಡಾವಣೆಯೇ ಫೆನೆರ್‌ಬಾಹ್ಚೆಯ ಕೋಟೆ. ಹೀಗಾಗಿ ಎಫೆಸ್‌ಗೆ ತನ್ನದೆನ್ನುವ ಓಣಿ ಇರಲಿಲ್ಲ, ದಶಕಗಳ ಕಾಲ ಗ್ಯಾಲರಿ ತುಂಬುವ ಅಭಿಮಾನಿಗಳೂ ಇರಲಿಲ್ಲ. ಇದನ್ನು ಕೊರತೆ ಎಂದು ಮಾತ್ರ ಎಣಿಸುತ್ತಾರೆ. ಅದರ ಇನ್ನೊಂದು ಮುಖ ನನಗೆ ಮುಖ್ಯವಾಗಿ ಕಾಣುತ್ತದೆ. ದೊಡ್ಡ ಕ್ಲಬ್ಬುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಎಂದರೆ ಫುಟ್‌ಬಾಲ್‌ನ ನೆರಳಿನಲ್ಲಿ ಬೆಳೆಯುವ ಗಿಡ. ಅಧ್ಯಕ್ಷರು ಚುನಾವಣೆಯಲ್ಲಿ ಗೆದ್ದು ಬರುವವರು, ಅವರ ಕಣ್ಣು ಫುಟ್‌ಬಾಲ್ ಅಂಗಳದ ಮೇಲೆ. ಎಫೆಸ್‌ಗೆ ಬ್ಯಾಸ್ಕೆಟ್‌ಬಾಲ್ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಕೂಗುವವರಿಲ್ಲದ ಕಡೆ ಕಾಯುವುದು ಸಾಧ್ಯವಾಯಿತು. 1990ರ ದಶಕದ ಬಹುಭಾಗ ಐದಿನ್ ಓರ್ಸ್ ಒಬ್ಬರೇ ಕೋಚ್ ಆಗಿ ಉಳಿದದ್ದು ಹೀಗೆ. ಅದೇ ದಶಕದಲ್ಲಿ ಕ್ಲಬ್ಬಿನ ಕಿರಿಯರ ವಿಭಾಗಕ್ಕೆ ಬಂದ ಹಿದಾಯೆತ್ ತುರ್ಕೊಗ್ಲು 2000ದಲ್ಲಿ ಅಮೆರಿಕದ ಎನ್‌ಬಿಎ ಸೇರಿದರು. ಇಂದು ಅವರು ಟರ್ಕಿಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ಅಧ್ಯಕ್ಷರು.

ಆ ತಾಳ್ಮೆಯ ಫಲ ಯುರೋಪಿನ ಕ್ಲಬ್ ಟೂರ್ನಿಗಳಲ್ಲಿ ಒಂದಾದ ಕೊರಾಚ್ ಕಪ್, 1996ರಲ್ಲಿ. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಈ ಇಡೀ ಚರ್ಚೆ ಆ ಒಂದು ಫೈನಲ್‌ನಲ್ಲಿ ಅಡಗಿದೆ. ಮೂರು ವರ್ಷ ಹಿಂದೆ, 1993ರಲ್ಲಿ, ಟುರಿನ್‌ನಲ್ಲಿ ಎಫೆಸ್ ಯುರೋಪಿಯನ್ ಕಪ್ ಫೈನಲ್ ತಲುಪಿ ಗ್ರೀಸ್‌ನ ಆರಿಸ್ ಎದುರು 48–50ರಿಂದ ಸೋತಿತ್ತು. ಅದೇ ಕೋಚ್, ಮೆಸಿಡೋನಿಯಾದಿಂದ ಬಂದಿದ್ದ ಅದೇ ಆಟಗಾರ ಪೆತಾರ್ ನೌಮೋಸ್ಕಿಯ ಮೇಲೆ ನಂಬಿಕೆಯಿಟ್ಟು ತಂಡ ಮತ್ತೆ ಹೊರಟಿತು. ಕೊರಾಚ್ ಫೈನಲ್ ಎರಡು ಪಂದ್ಯಗಳದು, ಒಟ್ಟು ಅಂಕ ಹೆಚ್ಚಿದ್ದವರಿಗೆ ಕಪ್. ಇಸ್ತಾಂಬುಲ್‌ನಲ್ಲಿ ಎಫೆಸ್ 76–68ರಿಂದ ಗೆದ್ದಿತು. ಮಿಲಾನ್‌ನಲ್ಲಿ 70–77ರಿಂದ ಸೋತಿತು. ಕೂಡಿದರೆ 146–145. ಒಂದೇ ಒಂದು ಅಂಕದಿಂದ ಟರ್ಕಿಯ ಬ್ಯಾಸ್ಕೆಟ್‌ಬಾಲ್‌ಗೆ ಮೊದಲ ಯುರೋಪಿಯನ್ ಕಪ್ ದಕ್ಕಿತು. ಗಲತಸರಾಯ್ ಫುಟ್‌ಬಾಲ್‌ನಲ್ಲಿ ಯುಇಎಫ್ಎ ಕಪ್ ಗೆಲ್ಲಲು ಇನ್ನೂ ನಾಲ್ಕು ವರ್ಷ ಬಾಕಿಯಿತ್ತು. ಇನ್ನು ಸೋತ ತಂಡವನ್ನು ನೋಡಿ. ಅದು ಯುರೋಪಿನ ಹಳೆಯ, ಕುಲೀನ ಕ್ಲಬ್ಬುಗಳಲ್ಲಿ ಒಂದಾದ ಮಿಲಾನ್‌ನ ಒಲಿಂಪಿಯಾ. ಆದರೆ ಅಂದು ಅದರ ಎದೆಯ ಮೇಲಿದ್ದ ಹೆಸರು ಸ್ಟೆಫನೆಲ್, ಒಂದು ಬಟ್ಟೆ ಕಂಪನಿಯದು. ಅದಕ್ಕೂ ಮೊದಲು ಅದೇ ಕ್ಲಬ್ ಸಿಮೆಂತಾಲ್, ಫಿಲಿಪ್ಸ್ ಹೆಸರುಗಳಲ್ಲಿ ಆಡಿತ್ತು, ಆಮೇಲೆ ಅರ್ಮಾನಿ ಆಯಿತು. ಊರಿನಲ್ಲಿ ಹುಟ್ಟಿದ್ದೆಂಬ ತಂಡ ಕಂಪನಿಯ ಹೆಸರಿನಲ್ಲಿ, ಕಂಪನಿಯಲ್ಲಿ ಹುಟ್ಟಿದ ತಂಡವೂ ಕಂಪನಿಯ ಹೆಸರಿನಲ್ಲಿ: ಆ ಸಂಜೆ ಯಾರ ಆತ್ಮ ಎಲ್ಲಿತ್ತು ಎಂದು ಸಿದ್ಧಾಂತಿಗಳು ಹೇಳಬೇಕು.

ಎದುರು ವಾದಗಳಲ್ಲಿ ಒಂದನ್ನು ನಾನು ನಿಜಕ್ಕೂ ಗೌರವಿಸುತ್ತೇನೆ. ಕಂಪನಿ ತಂಡವನ್ನು ಕಟ್ಟುವುದು ಒಂದು ಸಹಿಯಿಂದ, ಮುಚ್ಚುವುದೂ ಒಂದು ಸಹಿಯಿಂದ. ಊರಿನ ಕ್ಲಬ್ ಬಡವಾಗಬಹುದು, ಮಾಯವಾಗುವುದಿಲ್ಲ. ಇದಕ್ಕೆ ಸಾಕ್ಷಿ ಟರ್ಕಿಯಲ್ಲೇ ಬೇಕಾದಷ್ಟಿದೆ. ಔಷಧ ಕಂಪನಿ ಎಜ್ಜಾಜಿಬಾಶಿಯ ಪುರುಷರ ತಂಡ ಎಂಟು ಬಾರಿ ಲೀಗ್ ಗೆದ್ದು, 1990ರ ದಶಕದ ಆರಂಭದಲ್ಲಿ ಇಲ್ಲವಾಯಿತು. ಬುರ್ಸಾದ ಕಾರು ಕಂಪನಿ ತೊಫಾಶ್‌ನ ತಂಡ 1999 ಮತ್ತು 2000ದಲ್ಲಿ ಸತತ ಚಾಂಪಿಯನ್ ಆಯಿತು, ಮರುಗಳಿಗೆಯಲ್ಲಿ ಚದುರಿತು. ಅದರ ಆಟಗಾರ ಮೆಹ್ಮೆತ್ ಒಕುರ್ ಎಫೆಸ್‌ಗೆ ಬಂದರು, ಮುಂದೆ 2004ರಲ್ಲಿ ಡೆಟ್ರಾಯಿಟ್ ಜೊತೆ ಎನ್‌ಬಿಎ ಪ್ರಶಸ್ತಿ ಗೆದ್ದರು. ಬಿಸ್ಕತ್ತಿನ ಕಂಪನಿಯ ಉಲ್ಕೆರ್‌ಸ್ಪೋರ್ 2006ರಲ್ಲಿ ಚಾಂಪಿಯನ್ ಆದ ವರ್ಷವೇ ಬಾಗಿಲು ಹಾಕಿತು, ಏಕೆಂದರೆ ಕಂಪನಿ ತನ್ನ ಹಣವನ್ನು ಫೆನೆರ್‌ಬಾಹ್ಚೆಯ ಜೊತೆ ಹೂಡಲು ತೀರ್ಮಾನಿಸಿತು. ಇಟಲಿಯಲ್ಲೂ ಅಷ್ಟೇ: ಮಿಲಾನ್‌ಗೆ ಬರುವ ಮುನ್ನ ಸ್ಟೆಫನೆಲ್ ತ್ರಿಯೆಸ್ತೆ ನಗರದ ತಂಡವನ್ನು ಸಾಕಿತ್ತು, 1994ರಲ್ಲಿ ಕೋಚ್ ಬೊಗ್ದಾನ್ ತಾನ್ಯೆವಿಚ್‌ರನ್ನೂ ಮುಖ್ಯ ಆಟಗಾರರನ್ನೂ ಕರೆದುಕೊಂಡು ಮಿಲಾನ್‌ಗೆ ಹೋಯಿತು. ತ್ರಿಯೆಸ್ತೆಯ ಅಭಿಮಾನಿಗೆ ಆದ ನೋವನ್ನು ಯಾವ ವಾದದಿಂದಲೂ ಅಲ್ಲಗಳೆಯಲಾಗದು. ಆದರೆ ಈ ಸಾಕ್ಷ್ಯವನ್ನು ಪೂರ್ತಿ ಓದಬೇಕು. ತ್ರಿಯೆಸ್ತೆ ಕಳೆದುಕೊಂಡದ್ದು ಕಂಪನಿಯಲ್ಲಿ ಹುಟ್ಟಿದ ತಂಡವನ್ನಲ್ಲ, ಊರಿನ ತಂಡವನ್ನು. ಉಲ್ಕೆರ್‌ನ ಹಣ ಹರಿದದ್ದು ಒಂದು ಶತಮಾನದ ಊರ ಕ್ಲಬ್ಬಿಗೆ. 2017ರಲ್ಲಿ ಯುರೋಪಿನ ಅಗ್ರ ಟೂರ್ನಿಯಾದ ಯುರೋಲೀಗ್‌ನಲ್ಲಿ ಟರ್ಕಿಯ ಮೊದಲ ಕಿರೀಟವನ್ನು ಗೆದ್ದ ಫೆನೆರ್‌ಬಾಹ್ಚೆಯ ಬಲದ ಅಡಿಪಾಯದಲ್ಲಿ ಆ ಹಣವಿದೆ. ಅಂದರೆ ಅಪಾಯ ಇರುವುದು ಹುಟ್ಟಿನಲ್ಲಲ್ಲ, ಅವಲಂಬನೆಯಲ್ಲಿ. ಅದು ಎಲ್ಲರಿಗೂ ಇದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಹೋಗಲು ಕಾರಣ ಸಿಕ್ಕಾಗ ಯಾರು ಹೋದರು, ಯಾರು ಉಳಿದರು?

ಎಫೆಸ್‌ಗೆ ಆ ಕಾರಣ 2011ರ ಜನವರಿಯಲ್ಲಿ ಸಿಕ್ಕಿತು. ಕ್ರೀಡಾ ತಂಡಗಳ ಮೂಲಕ ಮದ್ಯದ ಜಾಹೀರಾತು ಮಾಡಬಾರದೆಂದು ಟರ್ಕಿಯ ತಂಬಾಕು ಮತ್ತು ಮದ್ಯ ನಿಯಂತ್ರಣ ಸಂಸ್ಥೆ ನಿಯಮ ತಂದಿತು. ಮಕ್ಕಳು ನೋಡುವ ಆಟದಲ್ಲಿ ಬೀರಿನ ಹೆಸರು ಬೇಡ ಎನ್ನುವುದು ನ್ಯಾಯವಾದ ಮಾತೇ. (ಬೆಂಗಳೂರಿನವರಿಗೆ ಇದು ದೂರದ ಪ್ರಶ್ನೆಯಲ್ಲ, ರಾಯಲ್ ಚಾಲೆಂಜರ್ಸ್ ಎಂಬ ಹೆಸರು ಹುಟ್ಟಿದ್ದೂ ಒಂದು ವಿಸ್ಕಿಯಿಂದ.) ಮೂವತ್ತೈದು ವರ್ಷ ಹೊತ್ತ ಎಫೆಸ್ ಪಿಲ್ಸೆನ್ ಹೆಸರನ್ನು ಕ್ಲಬ್ ಕಳಚಿ ಅನಾದೊಲು ಎಫೆಸ್ ಆಯಿತು. ತಂಡವೆಂದರೆ ಬರೀ ಜಾಹೀರಾತು ಎಂಬ ಮಾತು ನಿಜವಾಗಿದ್ದರೆ ಲೆಕ್ಕ ಅಲ್ಲಿಗೆ ಮುಗಿಯಬೇಕಿತ್ತು. ಎಫೆಸ್ ಎಂಬ ಪದ ಉಳಿಯಿತಲ್ಲ, ಅದು ಬಾಟಲಿಯ ಮೇಲೂ ಇದೆಯಲ್ಲ ಎನ್ನಬಹುದು, ಹೌದು, ಉಳಿಯಿತು. ಅದು ಪ್ರಾಚೀನ ಎಫೆಸಸ್ ನಗರಕ್ಕೆ ಟರ್ಕಿಯವರು ಇಟ್ಟುಕೊಂಡ ಹೆಸರೂ ಹೌದು. ಆದರೆ ಜಾಹೀರಾತಿನ ದಾರಿ ಮುಚ್ಚಿದ ಮೇಲೂ ತಂಡ ಮುಚ್ಚಲಿಲ್ಲ, ಕಿರಿಯರ ವಿಭಾಗವೂ ಮುಚ್ಚಲಿಲ್ಲ. ಚೆದಿ ಒಸ್ಮಾನ್, ಫುರ್ಕಾನ್ ಕೊರ್ಕ್‌ಮಾಜ್ ಅಲ್ಲಿಂದ ಹೊರಟು ಎನ್‌ಬಿಎಗೆ ಹೋದದ್ದು ಹೆಸರು ಬದಲಾದ ನಂತರವೇ.

ದುಡ್ಡು ಸುರಿದರೆ ಯಾರು ಬೇಕಾದರೂ ಗೆಲ್ಲುತ್ತಾರೆ ಎನ್ನುವವರು, 2009ರಲ್ಲಿ ಗೆದ್ದ ಮೇಲೆ 2019ರಲ್ಲಿ ಮತ್ತೆ ಗೆಲ್ಲುವವರೆಗೆ ದುಡ್ಡು ಸುರಿದೂ ಎಫೆಸ್ ಒಂದು ಲೀಗ್ ಪ್ರಶಸ್ತಿಯನ್ನೂ ಗೆಲ್ಲಲಿಲ್ಲ ಎಂಬುದನ್ನು ಗಮನಿಸಲಿ. ಆ ಹತ್ತು ವರ್ಷಗಳನ್ನೇ ನಾನು ಈ ಕ್ಲಬ್ಬಿನ ಚರಿತ್ರೆಯ ತಿರುಳು ಎಂದು ಭಾವಿಸುತ್ತೇನೆ. ಹಳೆಯ ಹೆಸರಿಲ್ಲ, ಲೀಗ್ ಪ್ರಶಸ್ತಿ ಇಲ್ಲ, ಅದೇ ನಗರದ ಫೆನೆರ್‌ಬಾಹ್ಚೆ ಯುರೋಪಿನ ತುದಿಗೇರಿದೆ. 2017–18ರಲ್ಲಿ ಎಫೆಸ್ ಯುರೋಲೀಗ್‌ನ ಮೂವತ್ತು ಪಂದ್ಯಗಳಲ್ಲಿ ಏಳನ್ನಷ್ಟೇ ಗೆದ್ದು ಹದಿನಾರು ತಂಡಗಳಲ್ಲಿ ಹದಿನಾರನೆಯದಾಯಿತು. ಲೆಕ್ಕಪತ್ರ ಹಿಡಿದು ಕೂತ ಯಾವ ಕಂಪನಿಗೂ ಹೊರಬರಲು ಅದಕ್ಕಿಂತ ಒಳ್ಳೆಯ ನೆಪ ಸಿಗದು. ಆದರೆ ಆ ಋತುವಿನ ನಡುವೆ ಬಂದಿದ್ದ ಕೋಚ್ ಎರ್ಗಿನ್ ಅತಾಮಾನ್ ಕೈಗೇ ತಂಡವನ್ನು ಮತ್ತೆ ಕಟ್ಟಲು ಕೊಟ್ಟರು. ಆಟಗಾರರಾದ ವಾಸಿಲಿಯೆ ಮಿಸಿಚ್, ಷೇನ್ ಲಾರ್ಕಿನ್ ಬಂದರು. ಮರುವರ್ಷವೇ ತಂಡ ಯುರೋಲೀಗ್ ಫೈನಲ್‌ನಲ್ಲಿತ್ತು, ಮಾಸ್ಕೊದ ಸಿಎಸ್‌ಕೆಎ ಎದುರು ಸೋತಿತು. 2020ರಲ್ಲಿ ಇಪ್ಪತ್ತೆಂಟು ಪಂದ್ಯಗಳಲ್ಲಿ ಇಪ್ಪತ್ತನಾಲ್ಕನ್ನು ಗೆದ್ದು ಎಲ್ಲರಿಗಿಂತ ಮೇಲಿದ್ದಾಗ ಕೊರೊನಾದಿಂದ ಋತುವೇ ರದ್ದಾಯಿತು. ಆಗಲೂ ತಂಡವನ್ನು ಒಡೆಯಲಿಲ್ಲ. 2021ರಲ್ಲಿ ಕಲೋನ್‌ನಲ್ಲಿ ಬಾರ್ಸಿಲೋನಾವನ್ನು 86–81ರಿಂದ ಸೋಲಿಸಿ ಎಫೆಸ್ ಮೊದಲ ಬಾರಿ ಯುರೋಪಿನ ಚಾಂಪಿಯನ್ ಆಯಿತು. ಮರುವರ್ಷ ಬೆಲ್‌ಗ್ರೇಡ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಫೈನಲ್ ಮುಗಿದಾಗ ಫಲಕದಲ್ಲಿ ಎಫೆಸ್ ಪರ 58–57 ಇತ್ತು. ಇಪ್ಪತ್ತಾರು ವರ್ಷಗಳ ಹಿಂದೆ ಮಿಲಾನ್‌ನಲ್ಲಿ ಉಳಿಸಿಕೊಂಡಿದ್ದಷ್ಟೇ ಅಂತರ, ಒಂದು ಅಂಕ.