ಗೃಹೋಪಯೋಗ ವಿಚಾರ: ಮಡಚುವ ಬೈಸಿಕಲ್ಲು

ಮನೆಗೆ ತರುವ ವಸ್ತುಗಳಲ್ಲಿ ಕೆಲವನ್ನು ನೋಡಿ ಕೊಳ್ಳಬಹುದು. ಕೆಲವನ್ನು ಅಳೆದು ಕೊಳ್ಳಬೇಕು. ಇನ್ನು ಕೆಲವನ್ನು ಹೊತ್ತು ನೋಡಿಯೇ ಕೊಳ್ಳಬೇಕು. ಮಡಚುವ ಬೈಸಿಕಲ್ಲು ಈ ಮೂರು ಬಗೆಯ ಪರೀಕ್ಷೆಗೂ ಒಳಪಡತಕ್ಕ ಪದಾರ್ಥ. ಬೆಂಗಳೂರಿನ ಹೊರವಲಯದಲ್ಲಿ ವಾಸಮಾಡುವ ಗೃಹಸ್ಥರಲ್ಲಿ ಅನೇಕರು ಈಚೆಗೆ ಇದರ ವಿಷಯವಾಗಿ ವಿಚಾರಿಸುತ್ತಿರುವುದರಿಂದ, ಈ ತಿಂಗಳು ಅದನ್ನೇ ಎತ್ತಿಕೊಳ್ಳುವುದು ಯುಕ್ತವೆಂದು ತೋರಿತು.

ಈ ಪ್ರಶ್ನೆ ಹುಟ್ಟಿದ್ದು ಮೆಟ್ರೋ ರೈಲಿನಿಂದ. ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ‘ನಮ್ಮ ಮೆಟ್ರೋ’ 2014ನೆಯ ಇಸವಿ ಮಾರ್ಚಿಯಲ್ಲಿ ಬಂದಿತು. 2024ರ ನವೆಂಬರಿನಲ್ಲಿ ಅದೇ ಹಸಿರು ಮಾರ್ಗವು ನಾಗಸಂದ್ರದಿಂದ ಮಾದಾವರದವರೆಗೆ ಬೆಳೆಯಿತು. ವೈಟ್‌ಫೀಲ್ಡಿಗೆ 2023ರ ಮಾರ್ಚಿಯಲ್ಲಿ ರೈಲು ತಲಪಿ, ಅದೇ ವರ್ಷ ಅಕ್ಟೋಬರಿನಲ್ಲಿ ನಡುವಣ ಕೊಂಡಿಯೂ ಕೂಡಿ, ಊರಿನ ಪಶ್ಚಿಮಭಾಗದಿಂದ ಅಲ್ಲಿಗೆ ಎಡೆಬಿಡದ ಮಾರ್ಗವಾಯಿತು. ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗವು 2025ರ ಆಗಸ್ಟಿನಲ್ಲಿ ತೆರೆಯಿತು. ಹೀಗೆ ಮೂರು ದಿಕ್ಕಿಗೂ ರೈಲು ಬಂದದ್ದು ಸಂತೋಷವೇ ಸರಿ. ಆದರೆ ರೈಲು ಬರುವುದು ನಿಲ್ದಾಣದವರೆಗೆ. ಕೆಲಸದ ಮನೆಯ ಬಾಗಿಲು ನಿಲ್ದಾಣದಲ್ಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯು 1970ರ ದಶಕದ ಕಡೆಯಲ್ಲಿ ಆರ್. ಕೆ. ಬಾಳಿಗರ ಕಲ್ಪನೆಯಂತೆ ಕಿಯೋನಿಕ್ಸ್ ಸಂಸ್ಥೆಯವರು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ಭೂಮಿಯಲ್ಲಿ ಏರ್ಪಡಿಸಿದ್ದು. ಅಷ್ಟು ವಿಸ್ತಾರವಾದ ನೆಲದಲ್ಲಿ ನಿಲ್ದಾಣದಿಂದಿಳಿದವನು ತನ್ನ ಕಚೇರಿಯನ್ನು ಸೇರಲು ಎರಡು ಮೂರು ಕಿಲೋಮೀಟರು ಸಾಗಬೇಕಾಗಿ ಬಂದರೆ ಆಶ್ಚರ್ಯವಿಲ್ಲ. ನಡೆಯಲು ದೂರ, ಆಟೋವಿಗೆ ದುಬಾರಿ ಎನ್ನುವಂಥ ಈ ಅಂತರವನ್ನು ತುಂಬುವುದಕ್ಕೆ, ರೈಲಿನೊಳಗೆ ಜತೆಯಲ್ಲಿ ಒಯ್ಯಬಹುದಾದ ಬೈಸಿಕಲ್ಲು ಹೇಳಿ ಮಾಡಿಸಿದಂತೆ ಕಾಣುತ್ತದೆ.

ಆದರೂ ಅಂಗಡಿಗೆ ಹೋಗುವ ಮುನ್ನ ಒಂದು ಮಾತನ್ನು ವಿಚಾರಮಾಡಿಕೊಳ್ಳತಕ್ಕದ್ದು. ಮಡಚುವುದು ನಿಮಗೆ ನಿಜವಾಗಿ ಅವಶ್ಯಕವೇ? ಮನೆಯಿಂದ ನಿಲ್ದಾಣದವರೆಗಿನ ದಾರಿಗೆ ಮಾತ್ರ ವಾಹನ ಬೇಕಾಗಿದ್ದು, ನಿಲ್ದಾಣದಲ್ಲಿ ಭದ್ರವಾಗಿ ನಿಲ್ಲಿಸಲು ಸ್ಥಳವಿದ್ದರೆ, ಸಾಧಾರಣ ಬೈಸಿಕಲ್ಲೇ ಸಾಕು. ಅದು ಅಗ್ಗ, ಗಟ್ಟಿ, ಸವಾರಿಗೂ ಹಿತ. ಕೆಲಸದ ಸ್ಥಳವು ನಿಲ್ದಾಣಕ್ಕೆ ಒಂದು ಕಿಲೋಮೀಟರಿನೊಳಗಿದ್ದರೆ ಕಾಲ್ನಡಿಗೆಗೆ ಸಮನಾದದ್ದಿಲ್ಲ. ರೈಲಿನ ಎರಡು ಕೊನೆಗಳಲ್ಲಿಯೂ ದೂರವಿದ್ದವರಿಗೆ, ಇಲ್ಲವೆ ಮೂರನೆಯ ಮಹಡಿಯ ಚಿಕ್ಕ ಮನೆಯಲ್ಲಿದ್ದು ಕೆಳಗೆ ವಾಹನ ಬಿಡಲು ಅನುಕೂಲವಿಲ್ಲದವರಿಗೆ, ಮಡಚುವ ಬೈಸಿಕಲ್ಲು ಸಾರ್ಥಕ.

ಸಂಸ್ಕೃತ ಬಲ್ಲವರಿಗೆ ಈ ಯಂತ್ರದ ಸ್ವಭಾವವನ್ನು ಒಂದು ದೃಷ್ಟಾಂತದಿಂದ ಹೇಳಬಹುದು. ಇದು ಸಮಾಸಪದವಿದ್ದಂತೆ. ಸಮಾಸದಲ್ಲಿ ಪದಗಳು ಅಡಕವಾಗಿ ಕೂಡಿಕೊಳ್ಳುತ್ತವೆ. ವಿಗ್ರಹಮಾಡಿದಾಗ ಅರ್ಥವು ಚ್ಯುತಿಯಿಲ್ಲದೆ ಹೊರಬೀಳಬೇಕು. ಕೂಡಿಸುವ ಸಡಗರದಲ್ಲಿ ಅರ್ಥವೇ ಕೆಟ್ಟರೆ ಆ ಸಮಾಸ ದುಷ್ಟವಾಗುತ್ತದೆ. ಹಾಗೆಯೇ, ಬಹಳ ಚಿಕ್ಕದಾಗಿ ಮಡಚಿಕೊಂಡು, ಬಿಚ್ಚಿದಾಗ ಅಲುಗಾಡುವ ಬೈಸಿಕಲ್ಲಿನಿಂದ ಪ್ರಯೋಜನವಿಲ್ಲ; ಸೊಗಸಾಗಿ ಓಡಿ, ಮಡಚಿದಾಗ ಎತ್ತಲಾಗದ್ದೂ ನಿಷ್ಪ್ರಯೋಜಕವೇ. ಸವಾರಿಯ ಹಿತ, ಹೊರುವ ಲಾಘವ, ಕ್ರಯದ ಮಿತಿ, ಈ ಮೂರೂ ಒಂದರೊಡನೊಂದು ಜಗಳವಾಡುತ್ತಲೇ ಇರುತ್ತವೆ. ಮೂರನ್ನೂ ಪೂರ್ಣವಾಗಿ ಕೊಡುವ ಬೈಸಿಕಲ್ಲು ಇನ್ನೂ ಹುಟ್ಟಿಲ್ಲ.

ಈ ಜಗಳವನ್ನು ಎರಡು ವಿಧದಲ್ಲಿ ರಾಜಿಮಾಡಿದವರುಂಟು. ಲಂಡನ್ನಿನ ಆಂಡ್ರ್ಯೂ ರಿಚಿ ಎಂಬ ಎಂಜಿನಿಯರು 1970ರ ದಶಕದ ನಡುವೆ ರಚಿಸಿದ ‘ಬ್ರಾಂಪ್ಟನ್’ ಬೈಸಿಕಲ್ಲಿಗೆ 16 ಅಂಗುಲದ ಗಾಲಿ. ಮಡಚಿದಾಗ ಸುಮಾರು 58 ಸೆಂಟಿಮೀಟರು ಉದ್ದ, 56 ಎತ್ತರ, 27 ದಪ್ಪಕ್ಕೆ ಇಳಿಯುತ್ತದೆ. ಡೇವಿಡ್ ಹಾನ್ ಎಂಬವರು 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದ ‘ಡಾಹಾನ್’ ಸಂಸ್ಥೆಯ ಪ್ರಸಿದ್ಧ ಮಾದರಿಗಳಿಗೆ 20 ಅಂಗುಲದ ಗಾಲಿ. ನಡುವಿನಲ್ಲಿ ಒಂದು ಕೀಲು. ಮಡಚಿದರೆ ಇವು ಸುಮಾರು 80 ಸೆಂಟಿಮೀಟರು ಉದ್ದ, 65 ಎತ್ತರ, 33 ದಪ್ಪ. ನಮ್ಮ ಪೇಟೆಯಲ್ಲಿ ದೊರೆಯುವ ಬಹುಪಾಲು ಮಡಚುವ ಬೈಸಿಕಲ್ಲುಗಳು ಈ ಎರಡನೆಯ ವಂಶದವು.

ಮೊದಲು ಹೊರುವ ವಿಷಯ. ಬೆಂಗಳೂರು ಮೆಟ್ರೋ ನಿಗಮದವರು 2020ನೆಯ ಇಸವಿ ನವೆಂಬರಿನಲ್ಲಿ ಮಡಚುವ ಬೈಸಿಕಲ್ಲನ್ನು ರೈಲಿನಲ್ಲಿ ಒಯ್ಯಲು ಅನುಮತಿ ಕೊಟ್ಟರು. ಆಗ ವಿಧಿಸಿದ ಮಿತಿಯು 60 ಸೆಂಟಿಮೀಟರು ಉದ್ದ, 45 ಅಗಲ, 25 ದಪ್ಪ. ತೂಕ 15 ಕಿಲೋಗ್ರಾಂ. ಮೇಲೆ ಹೇಳಿದ ಅಳತೆಗಳೊಡನೆ ಇದನ್ನು ಹೋಲಿಸಿದರೆ, ಅಕ್ಷರಶಃ ನೋಡುವಾಗ, ಎರಡು ವಂಶಗಳಲ್ಲಿ ಒಂದೂ ಈ ಮಿತಿಯೊಳಗೆ ಹಿಡಿಸುವುದಿಲ್ಲವೆಂಬುದು ವಾಚಕರಿಗೆ ತಾನಾಗಿಯೇ ತಿಳಿಯುತ್ತದೆ. ಆದಕಾರಣ ಹಣ ಕೊಡುವ ಮುನ್ನ, ನೀವು ದಿನವೂ ಹತ್ತಿ ಇಳಿಯುವ ಎರಡು ನಿಲ್ದಾಣಗಳ ಅಧಿಕಾರಿಗಳನ್ನೂ ಕಂಡು, ಕೊಳ್ಳಬೇಕೆಂದಿರುವ ಬೈಸಿಕಲ್ಲಿನ ಮಡಚಿದ ಅಳತೆಯನ್ನು ಹೇಳಿ, ಬಿಡುತ್ತಾರೆಯೇ ಎಂದು ಕೇಳಿಕೊಳ್ಳಿ. ಅಂಗಡಿಯವನು “ಮೆಟ್ರೋದಲ್ಲಿ ನಡೆಯುತ್ತದೆ ಸ್ವಾಮಿ” ಎಂದನೆಂದು ನಂಬಿ ತಂದು, ತಪಾಸಣೆಯ ಬಾಗಿಲಲ್ಲಿ ನಿಲ್ಲುವುದು ಜಾಣತನವಲ್ಲ. ಚೈನಿನ ಜಿಡ್ಡು ಪಕ್ಕದವರ ಬಟ್ಟೆಗೆ ತಾಗದಂತೆ ಒಂದು ಗವಸು ಇರುವುದೂ ಮರ್ಯಾದೆ.

ತೂಕದ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಪೇಟೆಯ ಮಡಚುವ ಬೈಸಿಕಲ್ಲುಗಳು ಸಾಮಾನ್ಯವಾಗಿ 11ರಿಂದ 15 ಕಿಲೋ ತೂಗುತ್ತವೆ. ಮನೆಯ ಅಕ್ಕಿಯಿಂದ 13 ಕಿಲೋ ಅಳೆದು ಒಂದು ಚೀಲಕ್ಕೆ ತುಂಬಿ, ಒಂದೇ ಕೈಯಲ್ಲಿ ಹಿಡಿದು, ನಿಮ್ಮ ಮನೆಯ ಮೆಟ್ಟಿಲನ್ನು ಎರಡು ಬಾರಿ ಹತ್ತಿ ಇಳಿಯಿರಿ. ಇದು ಬೈಸಿಕಲ್ಲು ಹೊರತಕ್ಕವರೇ ಮಾಡಬೇಕಾದ ಪರೀಕ್ಷೆ. ಮಗಳಿಗೆಂದು ಕೊಳ್ಳುವಾಗ ತಂದೆ ಎತ್ತಿ ನೋಡಿದರೆ ಸಾಲದು. ಮಡಚಿದ ಮೇಲೂ ತನ್ನ ಗಾಲಿಗಳ ಮೇಲೆ ತಳ್ಳಿಕೊಂಡು ಹೋಗಲು ಬರುವ ಮಾದರಿಯಾದರೆ ಅರ್ಧ ಕಷ್ಟ ಪರಿಹಾರವಾಗುತ್ತದೆ. 26 ಅಂಗುಲದ ಗಾಲಿಯುಳ್ಳ, ಸ್ಪ್ರಿಂಗು ತುಂಬಿದ, ಅಗ್ಗದ ‘ಮಡಚುವ’ ಬೈಸಿಕಲ್ಲುಗಳೂ ಉಂಟು. ಅವು ಮೋಟಾರು ಗಾಡಿಯ ಹಿಂಬದಿಗೆ ಸೇರಬಹುದೇ ಹೊರತು ರೈಲಿಗಲ್ಲ.

ಎರಡನೆಯದು ಸವಾರಿ. ಗಾಲಿ ಚಿಕ್ಕದಾದರೆ ಬೈಸಿಕಲ್ಲು ನಿಧಾನವೆಂಬ ನಂಬಿಕೆ ಬಹುಮಂದಿಗೆ ಇದೆ. ಲೆಕ್ಕ ಹಾಕಿ ನೋಡೋಣ. ಹಳೆಯ ಕಾಲದ ದೊಡ್ಡ ಬೈಸಿಕಲ್ಲಿನ ಗಾಲಿಯ ಸುತ್ತಳತೆ ಸುಮಾರು 223 ಸೆಂಟಿಮೀಟರು. ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ, ಪೆಡಲನ್ನು ಒಮ್ಮೆ ಸುತ್ತಿಸಿದಾಗ ಅದು 545 ಸೆಂಟಿಮೀಟರು ಮುಂದೆ ಹೋಗುತ್ತದೆ. 20 ಅಂಗುಲದ ಗಾಲಿಯ ಸುತ್ತಳತೆ ಸುಮಾರು 157. ಆದರೆ ಮುಂದೆ 48, ಹಿಂದೆ 14 ಹಲ್ಲುಗಳನ್ನಿಟ್ಟರೆ ಒಂದು ಸುತ್ತಿಗೆ 538 ಸೆಂಟಿಮೀಟರು. ವ್ಯತ್ಯಾಸ ಒಂದು ಗೇಣಿಗಿಂತಲೂ ಕಡಮೆ. ವೇಗವು ಹಲ್ಲುಗಳ ಪ್ರಮಾಣದಿಂದ ಸರಿಹೋಗುತ್ತದೆ.

ಚಿಕ್ಕ ಗಾಲಿಯ ನಿಜವಾದ ದೋಷ ಬೇರೆ. ದೊಡ್ಡ ಗಾಲಿ ದಾಟಿಹೋಗುವ ಗುಂಡಿಯಲ್ಲಿ ಚಿಕ್ಕದು ಇಳಿದುಬಿಡುತ್ತದೆ. ಹ್ಯಾಂಡಲು ಚಂಚಲವಾಗಿ, ಒಂದು ಕೈಯೆತ್ತಿ ಸನ್ನೆ ಮಾಡುವುದಕ್ಕೂ ಅಭ್ಯಾಸ ಬೇಕಾಗುತ್ತದೆ. ನಮ್ಮ ಹೊರವಲಯದ ರಸ್ತೆಗಳಲ್ಲಿ ಹಳ್ಳ, ಜಲ್ಲಿ, ಚರಂಡಿಯ ಜಾಲರಿಗಳಿಗೆ ಕೊರತೆಯಿಲ್ಲ. ಇದಕ್ಕೆ ಪರಿಹಾರ ಅಗಲವಾದ ಟೈರು. ಒಂದೂಮುಕ್ಕಾಲು ಅಂಗುಲ ಅಗಲದ ಟೈರಿನೊಳಗಿನ ಗಾಳಿಯೇ ಒಳ್ಳೆಯ ಸ್ಪ್ರಿಂಗು. ಅದು ತೂಕವನ್ನು ಹೆಚ್ಚಿಸುವುದಿಲ್ಲ, ಕೆಡುವುದೂ ಇಲ್ಲ. ಈ ದೃಷ್ಟಿಯಿಂದ 16 ಅಂಗುಲಕ್ಕಿಂತ 20 ಅಂಗುಲದ ಗಾಲಿಯೇ ನಮ್ಮ ನೆಲಕ್ಕೆ ಮೇಲು.

ಮೂರನೆಯದು ಕ್ರಯ. ಸ್ಥೂಲವಾಗಿ ಹೇಳುವುದಾದರೆ, ಸಾಧಾರಣ ಮಾದರಿಗಳು 12 ಸಾವಿರದಿಂದ 20 ಸಾವಿರದೊಳಗೆ, ಮಧ್ಯಮವಾದವು 25ರಿಂದ 50 ಸಾವಿರದೊಳಗೆ ದೊರೆಯುತ್ತವೆ. ಬ್ರಾಂಪ್ಟನ್ನಿಗೆ ಒಂದು ಲಕ್ಷಕ್ಕೂ ಮೇಲೆ ತೆರಬೇಕು. 2025ರ ಆಗಸ್ಟಿನಲ್ಲಿ ಬೆಂಗಳೂರಿನ ಆಟೋದರವು ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ಎಂದು ಗೊತ್ತಾಯಿತು. 3 ಕಿಲೋಮೀಟರಿಗೆ 54, ಹೋಗಿಬರಲು 108, ತಿಂಗಳಿಗೆ 24 ದಿನಗಳಾದರೆ 2,592 ರೂಪಾಯಿ. ಬೀಗ, ದೀಪ, ಶಿರಸ್ತ್ರಾಣಗಳೂ ಸೇರಿ 20 ಸಾವಿರ ತೆತ್ತವನು ಎಂಟು ತಿಂಗಳಲ್ಲಿ ಋಣಮುಕ್ತನಾಗುತ್ತಾನೆ. ಒಂದೂವರೆ ಲಕ್ಷ ತೆತ್ತವನಿಗೆ ಸುಮಾರು ಐದು ವರ್ಷ ಬೇಕು. ಬಸ್ಸಿನಲ್ಲಿ ಹೋಗುತ್ತಿದ್ದವರ ಉಳಿತಾಯ ಇನ್ನೂ ಅಲ್ಪವೆಂಬುದನ್ನು ಮರೆಯಬಾರದು.

ಕೊಂಡ ದಿನದ ಬೆಲೆಯ ಜತೆಗೆ ಮುಂದಿನ ವರ್ಷಗಳ ಬೆಲೆಯೂ ಉಂಟು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕೆಗಳನ್ನು ಓದುವುದನ್ನು ಮನೆಯವರೆಲ್ಲರೂ ಕಲಿಯಲಿ. 20 ಅಂಗುಲದ ಸಾಮಾನ್ಯ ಟೈರಿನ ಮೇಲೆ ‘406’ ಎಂದಿರುತ್ತದೆ. ಇದು ರಿಮ್ಮಿನ ಅಳತೆ, ಮಿಲಿಮೀಟರುಗಳಲ್ಲಿ. ಮಕ್ಕಳ ಬೈಸಿಕಲ್ಲುಗಳಲ್ಲಿಯೂ ಇದೇ ಅಳತೆ ರೂಢಿಯಲ್ಲಿರುವುದರಿಂದ ಕಾಡುಗೋಡಿಯಲ್ಲಾಗಲಿ ಹೆಬ್ಬಗೋಡಿಯಲ್ಲಾಗಲಿ ಟೈರು ಟ್ಯೂಬು ದೊರೆಯುವುದು ಕಷ್ಟವಲ್ಲ. ಬ್ರಾಂಪ್ಟನ್ನಿನದು ‘349’, ಮಕ್ಕಳ 16 ಅಂಗುಲದ ಟೈರು ‘305’ ಆದ್ದರಿಂದ ಅದು ಇದಕ್ಕೆ ಕೂಡುವುದಿಲ್ಲ. ಲೋಹದ ಚೂರುಗಳು ಬಿದ್ದಿರುವ ಪೀಣ್ಯದ ಬೀದಿಗಳಲ್ಲಿ ಓಡಾಡುವವರು ಈ ಒಂದು ಅಂಕೆಯನ್ನು ಹಗುರವಾಗಿ ಎಣಿಸಬಾರದು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು ಇವು. ಬೈಸಿಕಲ್ಲನ್ನು ಬಿಚ್ಚಿ, ಮುಂದಿನ ಬ್ರೇಕು ಹಿಡಿದು, ಹ್ಯಾಂಡಲನ್ನು ಹಿಂದಕ್ಕೂ ಮುಂದಕ್ಕೂ ಒತ್ತಿ; ನಡುವಿನ ಕೀಲಿನಲ್ಲಾಗಲಿ ಹ್ಯಾಂಡಲಿನ ಕಂಬದ ಬುಡದಲ್ಲಾಗಲಿ ‘ಟಕ್’ ಎಂಬ ಸದ್ದು ಬಂದರೆ ಅದನ್ನು ಬಿಟ್ಟುಬಿಡಿ. ಕೀಲಿನ ಹಿಡಿಕೆಯು ತಾನಾಗಿ ತೆರೆಯದಂತೆ ಎರಡನೆಯ ಚಿಲಕವಿದೆಯೇ ನೋಡಿ. ಸೀಟಿನ ಕಂಬದ ಮೇಲೆ ಕೆತ್ತಿರುವ ಗೆರೆಗಿಂತ ಮೇಲಕ್ಕೆ ಎಳೆಯದೆ ನಿಮ್ಮ ಕಾಲು ಪೆಡಲಿಗೆ ಸರಿಯಾಗಿ ಚಾಚುತ್ತದೆಯೇ, ಸವಾರನ ತೂಕಕ್ಕೆ ತಯಾರಕರು ಇಟ್ಟ ಮಿತಿಯೆಷ್ಟು, ಇವನ್ನು ವಿಚಾರಿಸಿ. ಆಮೇಲೆ ಅಂಗಡಿಯವನ ಸಹಾಯವಿಲ್ಲದೆ ಐದು ಬಾರಿ ಮಡಚಿ ಬಿಚ್ಚಿ. ಐದನೆಯ ಬಾರಿಗೂ ಕೈ ತಡವರಿಸಿದರೆ, ಬೆಳಗಿನ ರೈಲಿನ ಗದ್ದಲದಲ್ಲಿ ಅದು ಒಗ್ಗುವುದಿಲ್ಲ.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಮಾತೊಂದಿದೆ. ಸಾಧಾರಣ ಬೈಸಿಕಲ್ಲಿನ ಫ್ರೇಮು ಅಖಂಡ; ಇದರದು ಕೀಲಿನಿಂದ ಕೂಡಿದ್ದು. ಲಾರಿಗಳ ನಡುವೆ ಓಡುವಾಗ ಆ ಕೀಲು ಸಡಿಲವಾದರೆ ಸವಾರನಿಗೆ ಎಚ್ಚರಿಕೆಯ ಅವಕಾಶವಿರುವುದಿಲ್ಲ. ಆದ್ದರಿಂದ ಪ್ರತಿದಿನವೂ ಹತ್ತುವ ಮುನ್ನ ಎರಡು ಹಿಡಿಕೆಗಳನ್ನೂ ಕೈಯಿಂದ ಮುಟ್ಟಿ ನೋಡುವುದು ನಿತ್ಯವಿಧಿಯಾಗಲಿ. ತಿಂಗಳಿಗೊಮ್ಮೆ ಕೀಲಿನ ಸುತ್ತ ಬಟ್ಟೆಯಿಂದೊರಸಿ ಬಿರುಕಿದೆಯೇ ಎಂದು ಪರೀಕ್ಷಿಸಿ. ಅಲ್ಯೂಮಿನಿಯಮ್ಮಿನ ಫ್ರೇಮು ಬಿರುಕು ಬಿಟ್ಟರೆ ಅದನ್ನು ಬೆಸೆಯಿಸಿ ಬಳಸಕೂಡದು. ಪೀಣ್ಯದ ಕುಶಲಿಗಳು ಒಂದು ಗಂಟೆಯಲ್ಲಿ ಬೆಸುಗೆ ಹಾಕಿಕೊಟ್ಟಾರು; ಆದರೆ ಬೆಸುಗೆಯ ಶಾಖದಿಂದ ಆ ಲೋಹದ ಬಲ ಕುಗ್ಗುತ್ತದೆ. ಹಣ ಹೋದರೆ ಹೋಗಲೆಂದು ಅದನ್ನು ತ್ಯಜಿಸುವುದೇ ಲೇಸು. ಇದೇ ಕಾರಣದಿಂದ, ಯಾರ ಕೈಯಲ್ಲಿ ಹೇಗೆ ಬಳಸಲ್ಪಟ್ಟಿತೋ ತಿಳಿಯದ ಹಳೆಯ ಮಡಚುವ ಬೈಸಿಕಲ್ಲನ್ನು ಅಗ್ಗವೆಂದು ಕೊಳ್ಳುವವರು ಕೀಲನ್ನು ತಿಳಿದವರಿಗೆ ತೋರಿಸದೆ ಕೊಳ್ಳಬಾರದು.

ಇಷ್ಟು ವಿಚಾರದಿಂದ ಸಿದ್ಧವಾಗುವ ಅಭಿಪ್ರಾಯವನ್ನು ಸಂಗ್ರಹಿಸಿ ಹೇಳುತ್ತೇನೆ. ದಿನಕ್ಕೆ ನಾಲ್ಕಾರು ಕಿಲೋಮೀಟರು ಓಡಿಸಿ, ಮಧ್ಯೆ ಒಮ್ಮೆ ರೈಲು ಹತ್ತುವ ಸಾಧಾರಣ ಗೃಹಸ್ಥನಿಗೆ, ನಿಲ್ದಾಣದವರ ಒಪ್ಪಿಗೆ ಮೊದಲೇ ದೊರೆತಿದ್ದರೆ, 406ರ ಗಾಲಿ, ಅಗಲವಾದ ಟೈರು, 13 ಕಿಲೋವಿಗೆ ಮೀರದ ತೂಕ, ಆರೇಳು ಗೇರು, ಭದ್ರವಾದ ಕೀಲು, ಇಷ್ಟುಳ್ಳ ಮಧ್ಯಮ ಕ್ರಯದ ಬೈಸಿಕಲ್ಲು ತಕ್ಕದ್ದು. ರಸ್ತೆ ನುಣುಪಾಗಿದ್ದು, ಮೆಟ್ಟಿಲು ಬಹಳವಿದ್ದು, ಕಚೇರಿಯ ಮೇಜಿನ ಕೆಳಗೇ ಇಟ್ಟುಕೊಳ್ಳಬೇಕಾದವರು, ಕೈಯಲ್ಲಿ ಅನುಕೂಲವಿದ್ದರೆ, 16 ಅಂಗುಲದ್ದನ್ನು ಆರಿಸಬಹುದು. ಕ್ರಯವನ್ನು ತಗ್ಗಿಸಬೇಕಾಗಿ ಬಂದಾಗ ಗೇರುಗಳ ಸಂಖ್ಯೆಯಲ್ಲಿ ತಗ್ಗಿಸಿ, ಬಣ್ಣದಲ್ಲಿ ತಗ್ಗಿಸಿ, ಒಂದು ಕಿಲೋ ತೂಕ ಹೆಚ್ಚಾದರೂ ಸಹಿಸಿಕೊಳ್ಳಿ. ಕೀಲು ಮತ್ತು ಬ್ರೇಕುಗಳಲ್ಲಿ ಮಾತ್ರ ಒಂದು ಕಾಸೂ ತಗ್ಗಿಸಬೇಡಿ. ಬೆಳಿಗ್ಗೆ ಮನೆಯಿಂದ ಹೊರಟವರು ಸಂಜೆ ಕ್ಷೇಮವಾಗಿ ಬಾಗಿಲು ತಟ್ಟುವುದಕ್ಕಿಂತ ದೊಡ್ಡ ಉಳಿತಾಯ ಯಾವ ಗೃಹಸ್ಥನಿಗೂ ಇಲ್ಲ.