ಕಾಗದದ ಮೇಲಿನ 8,500 ಟನ್

ಜಪಾನಿನ ನೌಕಾಪಡೆಯಲ್ಲಿ ಭಾರಿ ಕ್ರೂಸರುಗಳಿಗೆ ಬೆಟ್ಟಗಳ ಹೆಸರು, ಹಗುರ ಕ್ರೂಸರುಗಳಿಗೆ ನದಿಗಳ ಹೆಸರು ಇಡುವುದು ರೂಢಿಯಾಗಿತ್ತು. ಮೊಗಾಮಿ ಎಂಬುದು ಯಮಗಾತಾ ಸೀಮೆಯ ಒಂದು ನದಿ. ಆ ಹೆಸರು ಹೊತ್ತ ನೌಕೆ ಮಾತ್ರ ಹುಟ್ಟಿನಿಂದಲೇ ಹಗುರವಾಗಿರಲಿಲ್ಲ.

1930ರ ಲಂಡನ್ ಒಪ್ಪಂದ ಕ್ರೂಸರುಗಳನ್ನು ಫಿರಂಗಿಯ ಅಳತೆಯಿಂದ ವಿಂಗಡಿಸಿತ್ತು. 155 ಮಿ.ಮೀ.ವರೆಗಿನದು ಹಗುರ, ಅದನ್ನು ಮೀರಿ 203 ಮಿ.ಮೀ.ವರೆಗಿನದು ಭಾರಿ. ಕಟ್ಟಿದ್ದ ಮತ್ತು ಕಟ್ಟುತ್ತಿದ್ದ 12 ನೌಕೆಗಳಿಂದಲೇ ಜಪಾನಿನ ಭಾರಿ ಕ್ರೂಸರುಗಳ ಪಾಲು ತುಂಬಿಹೋಗಿತ್ತು. ಆದ್ದರಿಂದ ಮೊಗಾಮಿಗೆ 155 ಮಿ.ಮೀ.ಯ 15 ಫಿರಂಗಿ ಕೂರಿಸಿದರು. ಮುಂದೊಂದು ದಿನ 203 ಮಿ.ಮೀ. ಫಿರಂಗಿಗಳನ್ನು ಅಲ್ಲೇ ಇಡಲು ಅನುವು ಮಾಡಿಕೊಂಡರು. ಜಗತ್ತಿಗೆ ಹೇಳಿದ ತೂಕ 8,500 ಟನ್. ನಿಜವಾದ ತೂಕ ನಕ್ಷೆಯಲ್ಲೇ ಅದನ್ನು ಮೀರಿತ್ತು. ಒಪ್ಪಂದ ಚಾಪೆಯ ಕೆಳಗೆ ತೂರಿದರೆ ಇವರು ರಂಗೋಲಿಯ ಕೆಳಗೆ ತೂರಿದರು.

ಇದನ್ನು ಜಾಣತನವೆಂದು ಕೊಂಡಾಡುವವರು ಇಂದಿಗೂ ಇದ್ದಾರೆ. ಅವರು 1935ನೇ ಇಸವಿಯನ್ನು ಮರೆಯುತ್ತಾರೆ.

ತೂಕ ಉಳಿಸಲು ಒಡಲಿನ ಬಹುಭಾಗವನ್ನು ರಿವೆಟ್ ಬಿಟ್ಟು ವೆಲ್ಡಿಂಗಿನಿಂದ ಜೋಡಿಸಿದ್ದರು. ಆ ವಿದ್ಯೆ ಆಗಿನ್ನೂ ಪಳಗಿರಲಿಲ್ಲ. ಪರೀಕ್ಷಾ ಓಟದಲ್ಲೇ ಒಡಲು ಸೊಟ್ಟಗಾಗಿ ಫಿರಂಗಿ ಗೋಪುರಗಳು ತಿರುಗದೆ ಸಿಕ್ಕಿಕೊಂಡವು. ಸೇವೆಗೆ ಸೇರಿದ ಎರಡೇ ತಿಂಗಳಿಗೆ, ಸೆಪ್ಟೆಂಬರಿನ ಚಂಡಮಾರುತದಲ್ಲಿ ಒಡಲು ಬಿರುಕುಬಿಟ್ಟಿತು. ಕಾಗದ ಸಹಿಸಿಕೊಂಡ ಸುಳ್ಳನ್ನು ಅಲೆ ಸಹಿಸಲಿಲ್ಲ. ನೌಕೆ ಮರಳಿ ಕಟ್ಟೆಗೆ ಬಂತು. ಒಡಲಿಗೆ ಬಲ ಕೊಟ್ಟರು, ಸ್ಥಿರವಾಗಿ ನಿಲ್ಲಲೆಂದು ಪಕ್ಕಗಳಿಗೆ ಉಬ್ಬು ಕಟ್ಟಿದರು. ಉಳಿಸಿದ ತೂಕವೆಲ್ಲ ತಿರುಗಿ ಬಂತು.

ಒಪ್ಪಂದದ ಪಾಲು ಅನ್ಯಾಯದ್ದೆಂಬ ಸಿಟ್ಟು ಜಪಾನಿನಲ್ಲಿ ಇದ್ದದ್ದು ನಿಜ. ಇಟಲಿಯ ಕ್ರೂಸರುಗಳೂ ಮಿತಿ ಮೀರಿದ್ದವು. ಆದರೆ ಅನ್ಯಾಯವಿದ್ದರೆ ಜಗಳವಾಡಬೇಕಾದದ್ದು ಮಾತುಕತೆಯ ಮೇಜಿನಲ್ಲಿ. ತೂಕದ ಸುಳ್ಳಿಗೆ ಮೊದಲು ಬೆಲೆ ತೆರುವವನು ಎದುರಾಳಿಯಲ್ಲ, ಆ ಹಡಗಿನೊಳಗೆ ಮಲಗುವ ನಾವಿಕ.

ಒಪ್ಪಂದದ ಕಟ್ಟು 1936ರ ಕೊನೆಗೆ ಕಳಚಿತು. ಆಮೇಲೆ 203 ಮಿ.ಮೀ.ಯ 10 ಫಿರಂಗಿಗಳು ಬಂದವು. ನದಿಯ ಹೆಸರು ಹಾಗೇ ಉಳಿಯಿತು. 1942ರ ಏಪ್ರಿಲಿನಲ್ಲಿ ಮೊಗಾಮಿ ಬಂಗಾಳ ಕೊಲ್ಲಿಗೆ ನುಗ್ಗಿದ ಪಡೆಯಲ್ಲಿತ್ತು. ಅದೇ ಪಡೆಯ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬ್ ಹಾಕಿದವು. ಮದ್ರಾಸಿನ ಜನ ಊರು ಬಿಟ್ಟು ಹೊರಟರು. ಮೊಗಾಮಿ ಮತ್ತು ಅದರ ಜೊತೆಯ ನೌಕೆಗಳು ಸರಕು ಹಡಗುಗಳನ್ನು ಮುಳುಗಿಸಿದವು.

ಎರಡು ತಿಂಗಳ ನಂತರ ಮಿಡ್‌ವೇ ಬಳಿ, ಕತ್ತಲಲ್ಲಿ ಜಲಾಂತರ್ಗಾಮಿ ಕಂಡು ತಿರುಗುವಾಗ ಮೊಗಾಮಿ ತನ್ನದೇ ವರ್ಗದ ಮಿಕುಮಾಗೆ ಡಿಕ್ಕಿ ಹೊಡೆದು ಮೂತಿ ಜಜ್ಜಿಕೊಂಡಿತು. ಅಮೆರಿಕದ ವಿಮಾನಗಳು ಬರುವುದು ಖಚಿತವಾಗಿತ್ತು. ಹಾನಿ ನಿಯಂತ್ರಣದ ಅಧಿಕಾರಿ ಸರುವತಾರಿ, ನೌಕಾಪಡೆಯ ಹೆಮ್ಮೆಯಾಗಿದ್ದ ಟಾರ್ಪೆಡೊಗಳನ್ನೆಲ್ಲ ಸಮುದ್ರಕ್ಕೆ ಎಸೆಸಿದರು. ಬಾಂಬ್ ಬಿದ್ದಾಗ ಮಿಕುಮಾದ ಟಾರ್ಪೆಡೊಗಳು ಸಿಡಿದು ಅದು ಮುಳುಗಿತು, ಮೊಗಾಮಿ ಉಳಿಯಿತು. ಹಡಗಿನ ಸ್ಥಿತಿಯನ್ನು ಇದ್ದದ್ದು ಇದ್ದಂತೆ ಒಪ್ಪಿಕೊಂಡ ಒಬ್ಬ ಅಧಿಕಾರಿಯಿಂದ ಅಷ್ಟು ಜೀವಗಳು ಉಳಿದವು. ಮೆಚ್ಚುವುದಾದರೆ ಮೆಚ್ಚಬೇಕಾದ ಜಾಣತನ ಇದು.

ಹಿಂಬದಿಯ ಫಿರಂಗಿಗಳನ್ನು ತೆಗೆದು, ನೀರಿನ ಮೇಲಿಳಿಯುವ 11 ವಿಮಾನಗಳಿಗೆ ಜಾಗ ಮಾಡಿಕೊಂಡು ಮೊಗಾಮಿ 1943ರಲ್ಲಿ ಮರಳಿತು. 1944ರ ಅಕ್ಟೋಬರ್ 25ರಂದು, ಸುರಿಗಾವೊ ಜಲಸಂಧಿಯ ಕಾಳಗದಲ್ಲಿ, ಈ ಬಾರಿ ಬೆಂಕಿ ತನ್ನದೇ ಟಾರ್ಪೆಡೊಗಳನ್ನು ಮುಟ್ಟಿತು. ಕೊನೆಗೆ ಜಪಾನಿನ ನೌಕೆಯೇ ಅದನ್ನು ಮುಳುಗಿಸಬೇಕಾಯಿತು. 2019ರಲ್ಲಿ ಶೋಧಕರು ಅದನ್ನು ಸುಮಾರು 1,450 ಮೀಟರ್ ಆಳದಲ್ಲಿ ಕಂಡರು.

ಅಂಕಿಯನ್ನು ತಿದ್ದುವುದು ಸುಲಭ. ತಿದ್ದಿದ ಅಂಕಿಯನ್ನೇ ನಂಬಿ ಸಮುದ್ರಕ್ಕೆ ಇಳಿಯಬೇಕಾದವರು ಮಾತ್ರ ಬೇರೆಯವರು.