ಗ್ಯಾರೇಜಿನ ಕೂಲಿ ಲೆಕ್ಕ

ಪುಣೆಯ ನಮ್ಮ ರೋ-ಹೌಸ್‌ನ ಗ್ಯಾರೇಜು ಕೆಡವಿ ಮತ್ತೆ ಕಟ್ಟಲು ಮೂರು ಕಡೆಯಿಂದ ದರ ಬಂತು: 28,000, 48,000, 72,000 ರೂಪಾಯಿ. ಮೂರೂ ಬರೀ ಕೂಲಿ. ಸಿಮೆಂಟು, ಉಸುಕು, ಖಡಿ, ಬ್ಲಾಕು ಎಲ್ಲ ನಮ್ಮದೇ. ಇಂಥ ಹೊತ್ತಿನಲ್ಲಿ ನಮ್ಮಂಥವರು ಮಾಡುವುದೇನು ಗೊತ್ತಲ್ಲ: ಎಲ್ಲಕ್ಕಿಂತ ಕಡಿಮೆ ಹೇಳಿದವನನ್ನು ಹಿಡಿದು, ಅವನ ಹತ್ತಿರ ಇನ್ನೂ ಎರಡು ಸಾವಿರ ಜಗ್ಗಾಡುವುದು. ಈ ಸಲ ಚೌಕಾಸಿಗೆ ಇಳಿಯುವ ಮೊದಲು ನಾನೇ ಒಂದು ಹಾಳೆ ಹಿಡಿದು ಕೂತೆ.

72,000ದ ಲೆಕ್ಕ ಬಿಡಿಸುವುದು ಸುಲಭ. ಗ್ಯಾರೇಜು 10 ಅಡಿ ಅಗಲ, 18 ಅಡಿ ಉದ್ದ, ಅಂದರೆ 180 ಚದರಡಿ. ಚದರಡಿಗೆ 400ರಂತೆ ಗುಣಿಸಿದ್ದಾರೆ, ಅಷ್ಟೇ. ಆದರೆ ಚದರಡಿಯ ದರ ಇರುವುದು ಪೂರ್ತಿ ಮನೆಗೆ. ಅದರಲ್ಲಿ ಸ್ಲ್ಯಾಬು, ಟೈಲ್ಸು, ಬಚ್ಚಲು, ಅಡಿಗೆಕಟ್ಟೆ ಎಲ್ಲ ಸೇರಿರುತ್ತದೆ. ಗ್ಯಾರೇಜಿನಲ್ಲಿ ಇವು ಯಾವುವೂ ಇಲ್ಲ. ನಮ್ಮದಕ್ಕಂತೂ ಒಂದು ಬದಿಗೆ ಮನೆಯದೇ ಗೋಡೆ, ಮುಂದೆ ಶಟರು, ಮೇಲೆ ತಗಡು. ತಗಡಿನ ಕೆಲಸ ಫ್ಯಾಬ್ರಿಕೇಶನ್‌ನವರದು. ಅವರ ದರದಲ್ಲೇ ಅವರ ಕೂಲಿ ಬಂದುಬಿಡುತ್ತದೆ, ಶಟರಿನದೂ ಹಾಗೇ. ಅದನ್ನು ಇಲ್ಲಿ ಮತ್ತೆ ಹಿಡಿಯಬಾರದು.

ಇಷ್ಟು ಸಣ್ಣ ಕೆಲಸಕ್ಕೆ ಸರಿಯಾದ ಅಳತೆ ದಿನದ್ದು: ಎಷ್ಟು ಗೌಂಡಿ, ಎಷ್ಟು ಆಳು, ಎಷ್ಟು ದಿನ. ಹೊಸದಾಗಿ ಕಟ್ಟಬೇಕಾದದ್ದು ಉದ್ದದ ಗೋಡೆ 18 ಅಡಿ, ಹಿಂದಿನದು 10 ಅಡಿ, ಎತ್ತರ 9 ಅಡಿ. ಒಟ್ಟು 252 ಚದರಡಿ. ಒಬ್ಬ ಗೌಂಡಿ, ಮಾಲು ಕಲಿಸಿ ಕೊಡಲು ಇಬ್ಬರು ಆಳು ಇದ್ದರೆ ಆರಿಂಚಿನ ಬ್ಲಾಕಿನ ಗೋಡೆ ದಿನಕ್ಕೆ ಸುಮಾರು 80 ಚದರಡಿ ಏಳುತ್ತದೆ. ಹಾಗಾದರೆ ಮೂರು ದಿನ ಚಿಲ್ಲರೆ. ಆದರೆ ಮೂಲೆ ಕೂಡಿಸಬೇಕು, ಹಳೆಯ ಗೋಡೆಗೆ ಕಚ್ಚು ಕೊಡಬೇಕು, ಐದಡಿಯ ಮೇಲೆ ಪಡಾವು ಕಟ್ಟಿಕೊಂಡು ನಿಲ್ಲಬೇಕು. ನಾಲ್ಕು ದಿನ ಎಂದು ಬರೆದುಕೊಂಡೆ. ಪ್ಲಾಸ್ಟರು ಒಳಗೆ ಹೊರಗೆ ಸೇರಿ 504 ಚದರಡಿ, ದಿನಕ್ಕೆ ನೂರರಂತೆ ಐದು ದಿನ. ನೋಡಿ, ಗೋಡೆ ಕಟ್ಟುವುದಕ್ಕಿಂತ ಅದಕ್ಕೆ ಪ್ಲಾಸ್ಟರು ಬಳಿಯುವುದಕ್ಕೇ ಹೆಚ್ಚು ದಿನ. ಬಹಳ ಜನರ ಅಂದಾಜು ತಪ್ಪುವುದು ಇಲ್ಲೇ. ಪಾಯ ತುಂಬಲು ಎರಡು ದಿನ, ನೆಲಕ್ಕೆ ಒಂದು, ರ‍್ಯಾಂಪು ಮತ್ತು ಶಟರಿನ ಪಕ್ಕದ ತಿದ್ದುಪಡಿಗೆ ಒಂದು. ಗೌಂಡಿಗೆ ಒಟ್ಟು 13 ದಿನ.

ಆಳುಗಳದು ಇದರ ಸುಮಾರು ಮೂರು ಪಟ್ಟು. ಕೆಡವಿ, ರಾಡಾರೋಡಾ ಟೆಂಪೋಗೆ ತುಂಬಲು 6, ಪಾಯ ತೋಡಲು 3, ತುಂಬಲು 6, ಗೋಡೆಗೆ 8, ಪ್ಲಾಸ್ಟರಿಗೆ 10, ನೆಲದ ಕಾಂಕ್ರೀಟಿಗೆ 4, ಕೊನೆಯ ದಿನಕ್ಕೆ 1. ಒಟ್ಟು 38 ಆಳು. ಹಳೆಯ ಸೂರು ಆಸ್ಬೆಸ್ಟಾಸ್ ಶೀಟಿನದು. ಅದನ್ನು ಸುತ್ತಿಗೆಯಿಂದ ಒಡೆದು ಬೀಳಿಸಿದರೆ ಅರ್ಧ ದಿನ ಉಳಿಯುತ್ತದೆ, ಆದರೆ ಅದರ ಧೂಳು ಶ್ವಾಸಕೋಶ ತಿನ್ನುವಂಥದ್ದು. ನೀರು ಹೊಡೆದು ಇಡಿಯಾಗಿ ಇಳಿಸಬೇಕು. ಆ ಅರ್ಧ ದಿನದ ಕೂಲಿಯೂ ಈ ಆರರಲ್ಲೇ ಇದೆ.

ಇನ್ನು ಕೂಲಿಯ ದರ. ಅದನ್ನು ಕೇಳಲು ಬೆಳಿಗ್ಗೆ ಎಂಟಕ್ಕೆ ನಮ್ಮ ಬಡಾವಣೆಯ ಹತ್ತಿರದ ಮಜೂರ ಅಡ್ಡಾಕ್ಕೆ ಹೋದೆ. ಪುಣೆಯಲ್ಲಿ ಕನ್ನಡ ಕೇಳಬೇಕೆಂದರೆ ಸಂಘದ ಕಾರ್ಯಕ್ರಮಕ್ಕೇ ಹೋಗಬೇಕಿಲ್ಲ, ಇಲ್ಲಿ ನಿಂತರೂ ಸಾಕು. ಯಾದಗಿರಿ, ಕಲಬುರಗಿ, ವಿಜಯಪುರದ ಮಂದಿ, ತಾಂಡಾಗಳಿಂದ ಬಂದ ಲಂಬಾಣಿಗರು. ಗೌಂಡಿಗೆ 1,000, ಗಂಡಾಳಿಗೆ 700, ಹೆಣ್ಣಾಳಿಗೆ 500. ಯಾಕಮ್ಮಾ ಈ ಇನ್ನೂರರ ಫರಕು ಎಂದು ಯಾದಗಿರಿ ಕಡೆಯ ಒಬ್ಬಾಕೆಯನ್ನು ಕೇಳಿದೆ. "ಪುಟ್ಟಿ ಅವರೂ ಹೊರ್ತಾರ್ರೀ, ನಾವೂ ಹೊರ್ತೀವಿ. ರೇಟ್ ಮಾತ್ರ ಮುಕಾದಮಂದು" ಎಂದಳು.

ನಮ್ಮ 38ರಲ್ಲಿ 18 ಹೆಣ್ಣಾಳು ಎಂದು ಹಿಡಿದರೆ ಹೆಣ್ಣಾಳಿನ ಕೂಲಿ 9,000, ಗಂಡಾಳಿನದು 14,000, ಗೌಂಡಿಯದು 13,000. ಒಟ್ಟು 36,000. ಎಲ್ಲ ಆಳಿಗೂ 700 ಕೊಟ್ಟರೆ 39,600. ಹೆಂಗಸರಿಗೆ ಸಮನಾಗಿ ಕೊಡಲು ಬೇಕಾದದ್ದು 3,600 ರೂಪಾಯಿ.

ಈಗ 28,000ದವನ ಕಡೆ ನೋಡಿ. ಹೆಂಗಸರಿಗೆ ಐನೂರೇ ಕೊಟ್ಟರೂ ಅವನಿಗೆ 8,000 ಕಡಿಮೆ ಬೀಳುತ್ತದೆ. ಕೆದಕಿ ಕೇಳಿದಾಗ ಹೊರಗಿನ ಪ್ಲಾಸ್ಟರು ಬೇರೆ, ರಾಡಾರೋಡಾ ತುಂಬುವುದೂ ಬೇರೆ ಎಂದ. ಅವೆರಡನ್ನೂ ಕೂಡಿಸಿದರೆ ಮತ್ತೆ ಅದೇ 36,000ದ ಹತ್ತಿರ ಬಂದು ನಿಲ್ಲುತ್ತದೆ, ಅವನ ಸ್ವಂತಕ್ಕೆ ಒಂದು ಪೈಸೆಯೂ ಉಳಿಯುವುದಿಲ್ಲ. ಮೇಸ್ತ್ರಿಯಾದವನು ಧರ್ಮಕ್ಕೆ ಕೆಲಸ ಮಾಡುವುದಿಲ್ಲ. ಅವನ ಪಾಲು ಯಾರದೋ ಕೂಲಿಯಿಂದಲೇ ಬರಬೇಕು. 48,000 ಹೇಳಿದ ಮೇಸ್ತ್ರಿಗೆ ಮಾತ್ರ ಸಮಾನ ಕೂಲಿ ಕೊಟ್ಟ ಮೇಲೂ 8,400 ಉಳಿಯುತ್ತದೆ: ಅವನ ಓಡಾಟ, ಪಡಾವಿನ ಸಾಮಾನು, ಲಾಭ. ಇದು ನ್ಯಾಯವಾದದ್ದು ಎಂದು ನನಗೆ ತೋರಿತು.

ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾಯ್ದೆ 1976ರಲ್ಲೇ ಬಂತು. ಕಟ್ಟಡ ಕಾರ್ಮಿಕರಿಗೆಂದೇ 1996ರ ಕಾಯ್ದೆಯೂ ಬಂತು. ಆದರೆ 10 ಲಕ್ಷದೊಳಗಿನ ಖರ್ಚಿನಲ್ಲಿ ಸ್ವಂತ ವಾಸದ ಮನೆ ಕಟ್ಟಿಸುವವರನ್ನು ಅದು ಹೊರಗಿಟ್ಟಿತು. ನಮ್ಮ ಗ್ಯಾರೇಜು ಆ ಹೊರಗಿನದು. ಇಲ್ಲಿಗೆ ಬಂದು ಕೇಳುವ ಇನ್ಸ್‌ಪೆಕ್ಟರು ಯಾರೂ ಇಲ್ಲ, ಕೇಳಿದರೆ ಮನೆ ಯಜಮಾನನೇ ಕೇಳಬೇಕು.

48,000ಕ್ಕೇ ಒಪ್ಪಿದೆ, ಒಂದು ರೂಪಾಯಿ ಜಗ್ಗಲಿಲ್ಲ. ಹಾಳೆಯ ಮೇಲೆ ಎಲ್ಲ ಬರೆಸಿದೆ: ಎರಡೂ ಬದಿ ಪ್ಲಾಸ್ಟರು, ರಾಡಾರೋಡಾ ತುಂಬುವುದು, ಹಣ ನಾಲ್ಕು ಕಂತಿನಲ್ಲಿ, ಕೊನೆಯ ಕಂತು ರ‍್ಯಾಂಪು ಮುಗಿದ ಮೇಲೆ. ಗೋಡೆಗೆ ಏಳು ದಿನ ನೀರು ಹೊಡೆಯುವುದು ನಮ್ಮ ಪಾಲಿಗೆ ಬಂತು. ಆ ಬಿಡುವಿನಲ್ಲಿ ತಂಡ ಬೇರೆ ಕೆಲಸಕ್ಕೆ ಹೋಗಿ ಮರಳಿ ಬಾರದೆ ಇರುವುದುಂಟು, ಕಂತು ಮಾಡುವುದು ಅದಕ್ಕೇ. ಕೊನೆಗೆ, ಆಳು ಯಾರೇ ಇರಲಿ 700 ಎಂಬ ಸಾಲು.

ಆ ಸಾಲಿಗೆ ಬಂದಾಗ ಮೇಸ್ತ್ರಿ ಪೆನ್ನು ಕೆಳಗಿಟ್ಟ. "ನಿಮ್ಮದೇನೋ ಸರಿ ಸಾಹೇಬ್ರ. ಮುಂದಿನ ಸೈಟಿನ್ಯಾಗೂ ಇವರು ಏಳುನೂರs ಕೇಳ್ತಾರ. ಅಲ್ಲೆ ನಾ ಯಾರ ಹತ್ರ ಇಸ್ಕೊಳ್ಳಿ?" ಎಂದ. ಆಮೇಲೆ ಸಹಿ ಹಾಕಿದ. ಮೊದಲ ವಾರದ ಬಟವಾಡೆ ಈ ಶನಿವಾರ. ಹೆಂಗಸರ ಕೈಗೆ ನನ್ನ ಎದುರಿಗೇ ಎಣಿಸಿ ಕೊಡಬೇಕೆಂದು ಹೇಳಿದ್ದೇನೆ.